ಡಗ್ಲಸ್ ಗೆದ್ದಿದ್ದಾ, ಟೈಸನ್ ಸೋತಿದ್ದಾ?

ಹಾಸನದ ಜಿಲ್ಲಾ ಕ್ರೀಡಾಂಗಣದ ಆಸುಪಾಸಿನಲ್ಲಿ ಸಂಜೆ ಟೀ ಕುಡಿಯಲು ನಿಲ್ಲುವ ಜಿಮ್ ಹುಡುಗರ ನಡುವೆ ಹಳೇ ಜಗಳವೊಂದು ಮತ್ತೆ ಜೀವ ಪಡೆದಿದೆ. 2024ರ ನವೆಂಬರ್‌ನಲ್ಲಿ 58 ವರ್ಷದ ಬಾಕ್ಸಿಂಗ್ ಮಾಜಿ ವಿಶ್ವ ಚಾಂಪಿಯನ್ ಮೈಕ್ ಟೈಸನ್, ಯೂಟ್ಯೂಬ್‌ನಿಂದ ಹೆಸರು ಮಾಡಿದ ಜೇಕ್ ಪಾಲ್ ಎದುರು ರಿಂಗಿಗಿಳಿದು ಸೋತ. ಆಮೇಲೆ ಟೈಸನ್ನನ ಹಳೇ ವಿಡಿಯೋಗಳೆಲ್ಲ ಎಲ್ಲರ ಮೊಬೈಲ್‌ನಲ್ಲೂ ಓಡಾಡತೊಡಗಿದವು. ಅದರ ಜೊತೆಗೇ 1990ರ ಪ್ರಶ್ನೆಯೂ ಬಂತು. ಆ ವರ್ಷ ಟೋಕಿಯೊದಲ್ಲಿ, ಆಗ ಚಾಂಪಿಯನ್ ಆಗಿದ್ದ ಟೈಸನ್ನನನ್ನು ಬಸ್ಟರ್ ಡಗ್ಲಸ್ ನಿಜವಾಗಿ ಸೋಲಿಸಿದ್ದಾ, ಇಲ್ಲ ಸುಮ್ನೆ ಅದೃಷ್ಟ ಕೈ ಹಿಡಿದಿದ್ದಾ?

'ರೆಫರಿ ನಿಧಾನಕ್ಕೆ ಎಣಿಸಿದ' ಅನ್ನುವವರು ಒಂದು ಕಡೆ. 'ಟೈಸನ್ ಪ್ರಾಕ್ಟೀಸೇ ಮಾಡಿರಲಿಲ್ಲ' ಅನ್ನುವವರು ಇನ್ನೊಂದು ಕಡೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಣುಕು ವಿಡಿಯೋ. ಇಡೀ ಪಂದ್ಯ ನೋಡಿದವರು ಕಡಿಮೆ.

ಹೆವಿವೇಯ್ಟ್ (ಅತಿ ಭಾರದವರ) ಬಾಕ್ಸಿಂಗ್‌ಗೆ ಈ ಜಗಳ ಹೊಸದಲ್ಲ. ಗೆಲ್ಲಲ್ಲ ಅಂದುಕೊಂಡವನು ಗೆದ್ದಾಗೆಲ್ಲ ಇದು ಏಳುತ್ತೆ. 1936ರಲ್ಲಿ ಮ್ಯಾಕ್ಸ್ ಷ್ಮೆಲಿಂಗ್ ಜೋ ಲೂಯಿಯನ್ನು ಕೆಡವಿದ. 1964ರಲ್ಲಿ, ಇನ್ನೂ ಕ್ಯಾಸಿಯಸ್ ಕ್ಲೇ ಅನ್ನೋ ಹೆಸರಲ್ಲಿದ್ದ ಮೊಹಮ್ಮದ್ ಅಲಿ, ಸೋನಿ ಲಿಸ್ಟನ್‌ನನ್ನು ಮಣಿಸಿದ. 1978ರಲ್ಲಿ ಅದೇ ಅಲಿ, ಬರೀ ಏಳು ವೃತ್ತಿಪರ ಪಂದ್ಯ ಆಡಿದ್ದ ಲಿಯಾನ್ ಸ್ಪಿಂಕ್ಸ್‌ಗೆ ಸೋತ. ಇವುಗಳಲ್ಲಿ ಷ್ಮೆಲಿಂಗ್‌ನ ಗೆಲುವನ್ನು ಮಾತ್ರ ಲಕ್ ಅನ್ನಲು ಯಾರಿಗೂ ಬಾಯಿ ಬರಲ್ಲ. ಎಡಗೈಯಿಂದ ಹೊಡೆದ ಮೇಲೆ ಲೂಯಿ ಆ ಕೈಯನ್ನು ಕೆಳಗೆ ಬಿಡುತ್ತಾನೆ ಅನ್ನೋದನ್ನು ಅವನು ಮೊದಲೇ ಗಮನಿಸಿಟ್ಟುಕೊಂಡಿದ್ದ. ಕೈ ಇಳಿದಾಗೆಲ್ಲ ಅಲ್ಲಿಗೇ ಬಲಗೈ ಬೀಸಿದ.

ಇನ್ನು ಟೋಕಿಯೊ. 1990ರ ಫೆಬ್ರುವರಿ 11. ಟೈಸನ್ ಆಡಿದ್ದ 37 ಪಂದ್ಯಗಳನ್ನೂ ಗೆದ್ದಿದ್ದ, ಅದರಲ್ಲಿ 33 ನಾಕೌಟ್. ಲಾಸ್ ವೇಗಸ್‌ನಲ್ಲಿ ಹೆಚ್ಚಿನ ಕಡೆ ಈ ಪಂದ್ಯಕ್ಕೆ ಬೆಟ್ಟಿಂಗೇ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ಮಿರಾಜ್ ಕ್ಯಾಸಿನೊ ಡಗ್ಲಸ್ ಮೇಲೆ ಒಂದಕ್ಕೆ 42 ಕೊಡುತ್ತೇನೆ ಅಂದಿತ್ತು. ಫ್ಲೂಕ್, ಅಂದರೆ ಬರೀ ಅದೃಷ್ಟ, ಅನ್ನುವವರು ಮೊದಲು ಹಿಡಿಯೋದು ಈ 42ನ್ನೇ. ಆದರೆ ಬೆಟ್ಟಿಂಗ್ ದರ ಹೇಳೋದು ಜನ ಏನು ನಂಬಿದ್ದರು ಅನ್ನೋದನ್ನ. ರಿಂಗಿನೊಳಗೆ ಏನಾಯಿತು ಅನ್ನೋದು ಅದರಲ್ಲಿ ಇರಲ್ಲ, ಅಲ್ವಾ?

ಜನ ಹಾಗೆ ನಂಬಿದ್ದಕ್ಕೂ ಕಾರಣ ಇತ್ತು. 1987ರಲ್ಲಿ ಟೋನಿ ಟಕರ್ ಎದುರು ಪ್ರಶಸ್ತಿಗಾಗಿ ಆಡಿದ್ದ ಡಗ್ಲಸ್ ಚೆನ್ನಾಗಿ ಶುರು ಮಾಡಿ, ಹತ್ತನೇ ಸುತ್ತಿನಲ್ಲಿ ಕೈ ಚೆಲ್ಲಿದ್ದ. ಈ ಸಲ ಪಂದ್ಯಕ್ಕೆ 23 ದಿನ ಇರುವಾಗ ಅವನ ತಾಯಿ ತೀರಿಕೊಂಡರು. ಆದರೂ 105 ಕೆಜಿಯ ಹದವಾದ ಮೈಯಲ್ಲಿ ಬಂದ. ಎರಡೂ ತೋಳು ಚಾಚಿದರೆ ಅವನ ಅಳತೆ 83 ಇಂಚು, ಟೈಸನ್ನನದು 71. ಟೈಸನ್ ಒಳಗೆ ನುಗ್ಗಿ ಹೊಡೆಯುವವನು. ನುಗ್ಗಲು ಬಂದಾಗೆಲ್ಲ ಡಗ್ಲಸ್‌ನ ಎಡಗೈ ಜಾಬ್ (ನೇರವಾದ ಚುರುಕು ಹೊಡೆತ) ಮುಖಕ್ಕೇ ಬೀಳುತ್ತಿತ್ತು, ಹಿಂದೆಯೇ ಬಲಗೈ. ಒಳಗೆ ಬಂದೇಬಿಟ್ಟರೆ ಹಿಡಿದುಕೊಂಡು ಬಿಡುತ್ತಿದ್ದ. ಇದು ಸುತ್ತಿನ ಮೇಲೆ ಸುತ್ತು ನಡೆಯಿತು. ಟೈಸನ್ನನ ಎಡಗಣ್ಣು ಊದಿಕೊಂಡಿತು. ಊತ ಒತ್ತಿ ಇಳಿಸಲು ಬಾಕ್ಸಿಂಗ್‌ನಲ್ಲಿ ತಣ್ಣಗಿನ ಲೋಹದ ಪಟ್ಟಿ ಇಟ್ಟುಕೊಳ್ಳುತ್ತಾರೆ. ಟೈಸನ್ನನ ಕಡೆಯವರ ಹತ್ತಿರ ಅದೇ ಇರಲಿಲ್ಲ. ರಬ್ಬರ್ ಗ್ಲೌಸಿಗೆ ಐಸ್ ನೀರು ತುಂಬಿ ಕಣ್ಣಿಗೆ ಒತ್ತಿದರು. ವಿಶ್ವ ಚಾಂಪಿಯನ್ನನ ಮೂಲೆಯಲ್ಲಿ!

ಈಗ ಎಂಟನೇ ಸುತ್ತು. ಇನ್ನೇನು ಸುತ್ತು ಮುಗಿಯಬೇಕು, ಟೈಸನ್ನನ ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಬೀಸುವ ಹೊಡೆತ) ಬಿದ್ದು ಡಗ್ಲಸ್ ಅಂಗಾತ ಮಲಗಿದ. ಜಗಳವೆಲ್ಲ ಇಲ್ಲೇ ಇರೋದು. ಹತ್ತು ಎಣಿಸುವುದರೊಳಗೆ ಏಳದಿದ್ದರೆ ಬಿದ್ದವನು ಸೋತಂತೆ. ನಿಯಮದ ಪ್ರಕಾರ, ಬಿದ್ದ ಕೂಡಲೇ ರಿಂಗಿನ ಪಕ್ಕ ಕೂತ ಟೈಮ್‌ಕೀಪರ್ ಎಣಿಸಲು ಶುರು ಮಾಡಬೇಕು. ರೆಫರಿ ಹೊಡೆದವನನ್ನು ಖಾಲಿ ಮೂಲೆಗೆ ಕಳಿಸಿ ಬಂದು ಅದೇ ಎಣಿಕೆಯನ್ನು ಮುಂದುವರಿಸಬೇಕು. ರೆಫರಿ ಒಕ್ಟಾವಿಯೊ ಮೆಯ್ರಾನ್ ಅದನ್ನು ಬಿಟ್ಟು ತಮ್ಮದೇ ಎಣಿಕೆ ಮಾಡಿದರು. ಗಡಿಯಾರ ಹಿಡಿದರೆ ಡಗ್ಲಸ್ ಹತ್ತು ಸೆಕೆಂಡಿಗಿಂತ ಜಾಸ್ತಿ ನೆಲದ ಮೇಲಿದ್ದ. ಇದು ನಿಜ, ಅಲ್ಲಗಳೆಯೋ ಹಾಗಿಲ್ಲ. ಆದರೆ ಬಿದ್ದವನು ನೋಡೋದು ರೆಫರಿಯ ಬೆರಳನ್ನ. ಆ ಎಣಿಕೆ ಒಂಬತ್ತಾದಾಗ ಡಗ್ಲಸ್ ಎದ್ದ.

ಒಂಬತ್ತು ಸುತ್ತು ಮುಗಿದಾಗ ಮೂವರು ಜಡ್ಜ್‌ಗಳ ಲೆಕ್ಕ ಮೂರು ಥರ ಇತ್ತು. ಒಬ್ಬರಿಗೆ ಡಗ್ಲಸ್ ಆರು ಅಂಕ ಮುಂದೆ, ಒಬ್ಬರಿಗೆ ಸಮ, ಒಬ್ಬರಿಗೆ ಟೈಸನ್ ಒಂದು ಅಂಕ ಮುಂದೆ. ಆ ಮೂರನೆಯವರು ಯಾವ ಪಂದ್ಯ ನೋಡುತ್ತಿದ್ದರೋ! ಹತ್ತನೇ ಸುತ್ತಿನಲ್ಲಿ ಡಗ್ಲಸ್ ಒಂದು ಅಪ್ಪರ್‌ಕಟ್ ಕೊಟ್ಟು, ಹಿಂದೆಯೇ ನಾಲ್ಕು ಹೊಡೆತ ಇಟ್ಟ. ಟೈಸನ್ ನೆಲದ ಮೇಲೆ ತಡಕಾಡಿ, ಬಾಯಿಂದ ಬಿದ್ದ ಮೌತ್‌ಪೀಸ್ (ಹಲ್ಲು ಕಾಯುವ ಕವಚ) ಹುಡುಕಿದ. ಸಿಕ್ಕಿದ್ದನ್ನು ಅರ್ಧಂಬರ್ಧ ಕಚ್ಚಿಕೊಂಡು ಏಳುವಷ್ಟರಲ್ಲಿ ಎಣಿಕೆ ಮುಗಿದಿತ್ತು.

ಪಂದ್ಯ ಮುಗಿದರೂ ಕಿತ್ತಾಟ ಮುಗಿಯಲಿಲ್ಲ. ಟೈಸನ್ ಪಾಳಯ ಎಂಟನೇ ಸುತ್ತಿನ ಎಣಿಕೆ ಮುಂದಿಟ್ಟು ದೂರು ಕೊಟ್ಟಿತು. ವಿಶ್ವ ಪ್ರಶಸ್ತಿ ಕೊಡುವ ಎರಡು ಬಾಕ್ಸಿಂಗ್ ಸಂಸ್ಥೆಗಳು ಫಲಿತಾಂಶವನ್ನು ತಡೆಹಿಡಿದವು. ಜನ ರೇಗಿದ ಮೇಲೆ ಕೆಲವೇ ದಿನಗಳಲ್ಲಿ ಒಪ್ಪಿಕೊಂಡವು.

ಫ್ಲೂಕ್ ಪಕ್ಷಕ್ಕೆ ಬಲ ಬಂದಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮೈ ಬಿಟ್ಟುಕೊಂಡು 111 ಕೆಜಿ ದಾಟಿ ಬಂದ ಡಗ್ಲಸ್, ಇವಾಂಡರ್ ಹೋಲಿಫೀಲ್ಡ್ ಎದುರು ಮೂರನೇ ಸುತ್ತಿಗೇ ಮಲಗಿದ. 'ನೋಡಿದ್ರಾ, ಅವನ ಯೋಗ್ಯತೆ ಇಷ್ಟೇ' ಅಂದರು. ಈ ವಾದ ಹಾಸನದಲ್ಲಿ ನಡೆಯಬಾರದು. ದೇವೇಗೌಡರು 1999ರ ಲೋಕಸಭಾ ಚುನಾವಣೆಯಲ್ಲಿ ಇಲ್ಲೇ ಸೋತರು, 2004ರಲ್ಲಿ ಇಲ್ಲೇ ಗೆದ್ದರು. ಎರಡನೆಯದನ್ನು ತೋರಿಸಿ ಮೊದಲನೆಯದು ಎಣಿಕೆಯ ತಪ್ಪು ಅಂತ ಯಾರೂ ವಾದಿಸಲ್ಲ.

ಟೈಸನ್ ಮತ್ತು ಡಗ್ಲಸ್ ಮತ್ತೆ ಎದುರಾಗಲೇ ಇಲ್ಲ, ಹಾಗಾಗಿ ಜಗಳ ಉಳಿಯಿತು. ಮರುಪಂದ್ಯ ನಡೆದ ಕಡೆಯೂ ಅದು ಬಗೆಹರಿದಿಲ್ಲ ಅನ್ನೋದು ಬೇರೆ ಮಾತು. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಮ್ ರೆಹಮಾನ್ ಒಂದೇ ಬಲಗೈ ಹೊಡೆತಕ್ಕೆ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ನನ್ನು ಕೆಡವಿದ. ನವೆಂಬರ್‌ನಲ್ಲಿ ಲೂಯಿಸ್ ನಾಲ್ಕನೇ ಸುತ್ತಿನಲ್ಲಿ ಲೆಕ್ಕ ಚುಕ್ತಾ ಮಾಡಿದ. ಅದೃಷ್ಟದ ಮಾತು ಇದಕ್ಕೆ ಸ್ವಲ್ಪ ಒಪ್ಪುತ್ತೆ.

2019ರ ಜೂನ್‌ನಲ್ಲಿ ಬದಲಿ ಆಟಗಾರನಾಗಿ ಬಂದ ಆಂಡಿ ರೂಯಿಸ್‌ಗೆ ಒಪ್ಪಲ್ಲ. ಮೂರನೇ ಸುತ್ತಿನಲ್ಲಿ ತಾನೇ ಬಿದ್ದು, ಎದ್ದು, ಅದೇ ಸುತ್ತಿನಲ್ಲಿ ಚಾಂಪಿಯನ್ ಆಂಟನಿ ಜೋಶುವಾನನ್ನು ಎರಡು ಸಲ ಬೀಳಿಸಿದ. ಏಳನೇ ಸುತ್ತಿನಲ್ಲಿ ಇನ್ನೂ ಎರಡು ಸಲ. ಡಿಸೆಂಬರ್‌ನ ಮರುಪಂದ್ಯಕ್ಕೆ ರೂಯಿಸ್ ಇನ್ನಷ್ಟು ದಪ್ಪಗಾಗಿ ಬಂದಿದ್ದ. ಆದರೂ ಅವನ ಹತ್ತಿರ ಹೋಗುವ ಧೈರ್ಯವನ್ನು ಜೋಶುವಾ ಮಾಡಲಿಲ್ಲ. ಹನ್ನೆರಡೂ ಸುತ್ತು ದೂರದಿಂದಲೇ ಜಾಬ್ ಹಾಕಿ ಅಂಕಗಳ ಮೇಲೆ ಗೆದ್ದ. ಜೂನ್‌ನಲ್ಲಿ ಆಗಿದ್ದು ಬರೀ ಲಕ್ ಆಗಿದ್ದರೆ ಅಷ್ಟೊಂದು ಹುಷಾರು ಯಾಕೆ ಬೇಕಿತ್ತು?