ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದೇಕೆ?

ಮುಂಗಾರು ಹಿಡಿದ ಮೇಲೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಮೈದಾನಗಳಲ್ಲಿ ಫುಟ್‌ಬಾಲ್ ಆಡುವ ಹುಡುಗರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳುತ್ತದೆ: ‘ಹೋದ ವರ್ಷ ಉಳುಕಿದ ಕಾಲೇ ಮತ್ತೆ ಉಳುಕಿತು.’ ಅದಕ್ಕೆ ಊರಿನವರು ಕೊಡುವ ಕಾರಣಗಳೂ ಸಿದ್ಧವಾಗಿರುತ್ತವೆ. ಉಳುಕು ಪೂರ್ತಿ ತೆಗೆಸಿಲ್ಲ, ನರ ಜಾಗ ತಪ್ಪಿದೆ, ಗ್ರಹಚಾರ ಸರಿಯಿಲ್ಲ. ಹುಣಸೆಹುಳಿ, ಉಪ್ಪಿನ ಪಟ್ಟು ಹಾಕಿದರೆ ದೊಡ್ಡ ಹಾನಿಯೇನೂ ಇಲ್ಲ. ಆದರೆ ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವುದು, ಊದಿಕೊಂಡ ಗಂಟನ್ನು ಎಣ್ಣೆ ಹಚ್ಚಿ ಬಲವಾಗಿ ನೀವಿ ‘ಲಟಕ್’ ಎನ್ನಿಸುವುದು ನನ್ನಲ್ಲಿ ನಿಜವಾದ ಆತಂಕ ಹುಟ್ಟಿಸುತ್ತವೆ. ಆಗಷ್ಟೇ ಹರಿದ ಎಳೆಗಳನ್ನು ಇನ್ನಷ್ಟು ಹರಿಯುವ ಕೆಲಸ ಅದು. ಮೂಳೆ ಬಿರುಕು ಬಿಟ್ಟಿದ್ದರಂತೂ ಕೇಳುವುದೇ ಬೇಡ.

ಕಣಕಾಲಿನ ಎರಡು ಮೂಳೆಗಳು ಕೂಡಿ ಮಾಡಿದ ಕವಲಿನೊಳಗೆ ಟೇಲಸ್ ಎಂಬ ಮೂಳೆ ಕುಳಿತಿರುತ್ತದೆ. ಅದಕ್ಕೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದರ ಮುಂಭಾಗ ಅಗಲ, ಹಿಂಭಾಗ ಕಿರಿದು. ಜಿಗಿದು ಇಳಿಯುವಾಗ ಬೆರಳುಗಳು ಕೆಳಮುಖವಾದರೆ ಕಿರಿದಾದ ಭಾಗ ಕವಲಿನೊಳಗೆ ಬಂದು ಗಂಟು ಸಡಿಲವಾಗುತ್ತದೆ. ಆ ಕ್ಷಣದಲ್ಲಿ ಪಾದ ಒಳಕ್ಕೆ ಹೊರಳಿದರೆ ಇಡೀ ಭಾರ ಹೊರಬದಿಯ ತೆಳು ಅಸ್ಥಿರಜ್ಜುವಿನ, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಪಟ್ಟಿಯ, ಮೇಲೆ ಬೀಳುತ್ತದೆ. ಉಳುಕು ಎಂದರೆ ಬಹುಪಾಲು ಇದೇ. ಇಲ್ಲಿ ಜಾಗ ತಪ್ಪುವ ನರ ಯಾವುದೂ ಇಲ್ಲ.

ಹಾಗಾದರೆ ಅದೇ ಕಾಲು ಮತ್ತೆ ಏಕೆ? ಅಸ್ಥಿರಜ್ಜು ಬರಿಯ ಹಗ್ಗವಲ್ಲ. ಗಂಟು ಎಷ್ಟು ಬಾಗಿದೆ, ಯಾವ ಕಡೆಗೆ ವಾಲಿದೆ ಎಂಬುದನ್ನು ಮಿದುಳಿಗೆ ತಿಳಿಸುವ ಸಂವೇದಕಗಳು ಅದರಲ್ಲಿವೆ. ಕಣ್ಣು ಮುಚ್ಚಿದ್ದರೂ ನಮ್ಮ ಪಾದ ಎಲ್ಲಿದೆ ಎಂದು ನಮಗೆ ಗೊತ್ತಾಗುವುದರಲ್ಲಿ ಇವುಗಳಿಗೂ ಪಾಲಿದೆ. ಈ ಅರಿವಿಗೆ ಇಂಗ್ಲೆಂಡಿನ ನರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ‘ಪ್ರೊಪ್ರಿಯೊಸೆಪ್ಶನ್’ ಎಂದು ಹೆಸರಿಟ್ಟರು. 1932ರಲ್ಲಿ ನೊಬೆಲ್ ಪಡೆದದ್ದೂ ಅವರೇ. 1965ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಮೈಕೆಲ್ ಫ್ರೀಮನ್ ಇದನ್ನು ಉಳುಕಿಗೆ ಜೋಡಿಸಿದರು: ಅಸ್ಥಿರಜ್ಜು ಹರಿದಾಗ ಅದರೊಳಗಿನ ನರತಂತುಗಳೂ ಹರಿಯುತ್ತವೆ, ಆದ್ದರಿಂದ ಗಾಯ ಮಾಯ್ದರೂ ಗಂಟಿನ ಸುದ್ದಿ ಸರಿಯಾಗಿ ತಲುಪುವುದಿಲ್ಲ. ಅಲುಗುವ ಹಲಗೆಯ ಮೇಲೆ ನಿಲ್ಲಿಸಿ ತರಬೇತಿ ಕೊಟ್ಟರೆ ‘ಕಾಲು ಜಾರಿದಂತಾಗುವುದು’ ಕಡಿಮೆಯಾಗುವುದನ್ನು ಅವರು ಕಂಡರು. ನೋವು ಹೋದ ಮೇಲೂ ಮಿದುಳು ಆ ಕಾಲನ್ನು ನಡೆಸುವ ರೀತಿಯೇ ಬದಲಾಗಿರುತ್ತದೆ ಎಂಬ ತಿಳಿವಳಿಕೆ ನಂತರ ಸೇರಿಕೊಂಡಿದೆ.

ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಮಿಲಿಸೆಕೆಂಡುಗಳ ಲೆಕ್ಕ. ಪಾದ ಒಳಕ್ಕೆ ಹೊರಳತೊಡಗಿದಾಗ ಅದನ್ನು ಹೊರಕ್ಕೆ ಎಳೆಯಬೇಕಾದವು ಕಾಲಿನ ಹೊರಬದಿಯ ಪೆರೋನಿಯಲ್ ಸ್ನಾಯುಗಳು. ಅವು ಪ್ರತಿಕ್ರಿಯಿಸಲು ಸುಮಾರು 60ರಿಂದ 80 ಮಿಲಿಸೆಕೆಂಡು ಬೇಕು. ಬಿಗಿದು ಬಲ ಕೊಡಲು ಇನ್ನೂ ಸಮಯ ಹಿಡಿಯುತ್ತದೆ. ಓಡುವವನ ಭಾರ ಅಷ್ಟರೊಳಗೆ ಪಾದದ ಮೇಲೆ ಬಿದ್ದಾಗಿರುತ್ತದೆ. ಅಂದರೆ ಹೊರಳಿದ ಮೇಲೆ ಎಚ್ಚೆತ್ತು ಪ್ರಯೋಜನವಿಲ್ಲ. ಪಾದ ನೆಲ ಮುಟ್ಟುವ ಮೊದಲೇ ಮಿದುಳು ಅದರ ಕೋನವನ್ನು ಸರಿಪಡಿಸಿ, ಸ್ನಾಯುಗಳನ್ನು ಬಿಗಿ ಮಾಡಿರಬೇಕು. ಗಂಟಿನಿಂದ ಬರುವ ಸುದ್ದಿಯಲ್ಲಿ ಕೆಲವೇ ಡಿಗ್ರಿ ತಪ್ಪಿದ್ದರೂ ಪಾದದ ಹೊರ ಅಂಚು ಮೊದಲು ನೆಲಕ್ಕೆ ತಗಲುತ್ತದೆ. ಉಳಿದುದನ್ನು ದೇಹದ ಭಾರವೇ ಮುಗಿಸುತ್ತದೆ.

ಮಳೆಗಾಲದಲ್ಲಿ ಹಳ್ಳದ ಸಂಕ ದಾಟಿ ಬೆಳೆದವರಿಗೆ ಈ ಕಲಿಕೆ ಹೊಸದಲ್ಲ. ಮೊದಲ ಸಲ ಕಣ್ಣು ಪಾದದ ಮೇಲೇ ನೆಟ್ಟಿರುತ್ತದೆ. ರೂಢಿಯಾದ ಮೇಲೆ ತಲೆಯ ಮೇಲೆ ಹೊರೆ ಇದ್ದರೂ ಪಾದ ತಾನೇ ಜಾಗ ಹುಡುಕಿಕೊಳ್ಳುತ್ತದೆ. ಉಳುಕಿದ ಕಾಲಿಗೆ ಬೇಕಾದದ್ದು ಇದೇ ಅಭ್ಯಾಸ. ಮೊದಲು ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲುವುದು, ನಂತರ ಕಣ್ಣು ಮುಚ್ಚಿ, ಮಡಚಿದ ಕಂಬಳಿಯ ಮೇಲೆ, ಆಮೇಲೆ ಕಣ್ಣು ತೆರೆದು, ಒಂಟಿ ಕಾಲಿನಲ್ಲೇ ಗೆಳೆಯ ಎಸೆದ ಚೆಂಡು ಹಿಡಿಯುತ್ತಾ. ಕೊನೆಗೆ ಒಂಟಿ ಕಾಲಿನ ಜಿಗಿತ, ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವುದು. ಜೊತೆಗೆ ಮೀನಖಂಡಕ್ಕೂ ಪೆರೋನಿಯಲ್ ಸ್ನಾಯುಗಳಿಗೂ ಬಲ ಬರಬೇಕು. ಇದನ್ನು ವಾರಗಟ್ಟಲೆ ಬಿಡದೆ ಮಾಡಬೇಕು. ನೋವು ನಿಂತ ದಿನವೇ ಬೂಟು ಕಟ್ಟಿ ಮೈದಾನಕ್ಕಿಳಿಯುವುದರಿಂದಲೇ ಎಷ್ಟೋ ಹುಡುಗರು ಮತ್ತೆ ಕುಂಟುತ್ತಾ ಮನೆಗೆ ಹೋಗುತ್ತಾರೆ. ಅಸ್ಥಿರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು.

ಉಳುಕಿದ ದಿನ ನೋಡಬೇಕಾದದ್ದು ಬೇರೆ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಗಂಟಿನ ಎರಡೂ ಬದಿಯ ಉಬ್ಬು ಮೂಳೆಗಳ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ, ಪಾದದ ಹೊರ ಅಂಚಿನ ನಡುವಿನ ಉಬ್ಬನ್ನೋ ಒಳಬದಿಯ ನಡುಭಾಗದ ಮೂಳೆಯನ್ನೋ ಮುಟ್ಟಿದಾಗ ನೋವಾದರೆ ಎಕ್ಸ್-ರೇ ಬೇಕು. ಇದು 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಗೊಂಡ ಸರಳ ನಿಯಮ. ಮುರಿತ ಇಲ್ಲವೆಂದಾದರೆ ವಾರಗಟ್ಟಲೆ ಮಲಗಬೇಕಿಲ್ಲ. ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಕಾಲೆತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಪೂರ್ಣ ವಿಶ್ರಾಂತಿಯೂ ಮಂಜುಗಡ್ಡೆಯೂ ಮಾಯುವುದನ್ನು ತಡಮಾಡಬಹುದೆಂದು 2014ರಲ್ಲಿ ಬರೆದರು. ನೋವು ತಾಳಿಕೊಳ್ಳಬಹುದಾದಷ್ಟು ಭಾರ ಹಾಕಿ ಬೇಗ ನಡೆಯತೊಡಗುವುದೇ ಮೇಲು.

ಒಮ್ಮೆ ಉಳುಕಿದವರು ಆಡುವಾಗ ಲೇಸ್ ಕಟ್ಟುವ ಕಣಕಾಲಿನ ಬ್ರೇಸ್ ಹಾಕಿಕೊಳ್ಳಲು ನಾಚಬೇಕಿಲ್ಲ. ಮರು-ಉಳುಕನ್ನು ಅದು ಕಡಿಮೆ ಮಾಡುತ್ತದೆ. ಅಂಟುಪಟ್ಟಿಯೂ ಆಗಬಹುದು, ಆದರೆ ಆಡುತ್ತಾ ಆಡುತ್ತಾ ಸಡಿಲವಾಗುತ್ತದೆ. ತರಬೇತುದಾರರು ಅಭ್ಯಾಸಕ್ಕೆ ಮೊದಲು ಫುಟ್‌ಬಾಲ್ ಆಟಗಾರರ ಗಾಯ ತಡೆಯಲೆಂದೇ ರೂಪಿಸಿದ, ಸುಮಾರು 20 ನಿಮಿಷದ ಫಿಫಾ 11+ ವ್ಯಾಯಾಮ ಮಾಡಿಸಿದರೆ ಒಂಟಿ ಕಾಲಿನ ಸಮತೋಲನ ಅದರೊಳಗೇ ಬರುತ್ತದೆ. ಅದಕ್ಕೆ ಚೆಂಡು, ಒಂದಿಷ್ಟು ಜಾಗ ಇದ್ದರೆ ಸಾಕು. ತಿಂಗಳುಗಟ್ಟಲೆ ಶ್ರದ್ಧೆಯಿಂದ ಮಾಡಿದ ಮೇಲೂ ಕಾಲು ಜಾರುತ್ತಲೇ ಇದ್ದರೆ ಮೂಳೆತಜ್ಞರಿಗೆ ತೋರಿಸಬೇಕು. ಕೆಲವರಿಗೆ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.