ಬಾಯಿ ತೆರೆದಾಗ ಕಿವಿ ಹತ್ತಿರ ‘ಟಕ್’ ಅನ್ನುತ್ತದೆ, ಆಪರೇಷನ್ ಬೇಕಾ?

ಪ್ರಶ್ನೆ: ನಾನು ಉಡುಪಿಯವಳು, ವಯಸ್ಸು 31. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಕೆಲವು ತಿಂಗಳಿಂದ ಬಾಯಿ ತೆರೆದಾಗ ಬಲಗಿವಿಯ ಹತ್ತಿರ ‘ಟಕ್’ ಅಂತ ಶಬ್ದ ಬರುತ್ತಿತ್ತು. ಈಗ ನೋವೂ ಶುರುವಾಗಿದೆ, ಬೆಳಿಗ್ಗೆ ಎದ್ದಾಗ ಜಾಸ್ತಿ. ಕಿವಿ ಡಾಕ್ಟರ್ ಕಿವಿಯಲ್ಲಿ ಏನೂ ಇಲ್ಲ ಅಂದರು. ಹಲ್ಲಿನ ಡಾಕ್ಟರ್ ಒಬ್ಬರು ರಾತ್ರಿ ಮಲಗುವಾಗ ಹಲ್ಲಿನ ಮೇಲೆ ಕೂರಿಸಿಕೊಳ್ಳುವ ನೈಟ್ ಗಾರ್ಡ್ ಹಾಕಿ ಅಂದರು. ಇನ್ನೊಬ್ಬರು ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ, ಸ್ವಲ್ಪ ತೇಯ್ದು ಸರಿ ಮಾಡಬೇಕು ಅಂದರು. ಹೀಗೇ ಬಿಟ್ಟರೆ ಆಪರೇಷನ್ ಬೇಕಾಗುತ್ತದಾ?

ಉತ್ತರ: ಆಪರೇಷನ್‌ ಹೆದರಿಕೆಯನ್ನು ಮೊದಲು ಬದಿಗಿಡಿ. ದವಡೆ ಕೀಲಿನ ತೊಂದರೆ ಇರುವವರಲ್ಲಿ ಆಪರೇಷನ್ ಬೇಕಾಗುವವರು ತುಂಬಾ ಕಡಿಮೆ. ದವಡೆಗೆ ವಿಶ್ರಾಂತಿ, ಸರಿಯಾದ ವ್ಯಾಯಾಮ, ಕೆಲವು ವಾರಗಳ ತಾಳ್ಮೆ, ಹೆಚ್ಚಿನವರಿಗೆ ಇಷ್ಟರಲ್ಲೇ ನೋವು ಇಳಿಯುತ್ತದೆ. ಇನ್ನೊಂದು ಮಾತು: ಹಲ್ಲು ತೇಯಿಸಿಕೊಳ್ಳಲು ಒಪ್ಪಬೇಡಿ. ಯಾಕೆ ಅಂತ ಹೇಳುವ ಮೊದಲು ಆ ಕೀಲನ್ನು ಒಮ್ಮೆ ನೀವೇ ಮುಟ್ಟಿ ನೋಡಿ.

ಕಿವಿಯ ತೂತಿನಿಂದ ಸ್ವಲ್ಪ ಮುಂದೆ, ಕೆನ್ನೆ ಶುರುವಾಗುವಲ್ಲಿ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆರೆದು ಮುಚ್ಚಿ. ಬೆರಳಿನ ಅಡಿಯಲ್ಲಿ ಉರುಟಾದದ್ದೊಂದು ಮುಂದೆ ಜಾರಿ ವಾಪಸ್ ಬರುತ್ತದೆ ಅಲ್ವಾ? ಅದು ಕೆಳದವಡೆಯ ತುದಿ. ತಲೆಬುರುಡೆಯ ಒಂದು ಗುಳಿಯಲ್ಲಿ ಅದು ಕೂತಿರುತ್ತದೆ. ಬಾಯಿ ತೆರೆಯಲು ಶುರು ಮಾಡಿದಾಗ ಇದ್ದಲ್ಲೇ ತಿರುಗುತ್ತದೆ. ಬಾಯಿ ಅಗಲವಾದ ಹಾಗೆ ಗುಳಿ ಬಿಟ್ಟು ಮುಂದಕ್ಕೆ ಜಾರುತ್ತದೆ. ಎರಡು ಮೂಳೆ ಒಂದಕ್ಕೊಂದು ಉಜ್ಜದಿರಲಿ ಅಂತ ನಡುವೆ ಒಂದು ತೆಳು, ಗಟ್ಟಿ ಡಿಸ್ಕ್ ಇದೆ.

ಈ ಡಿಸ್ಕ್ ಮೂಳೆಯ ತುದಿಯ ಮೇಲೆ ಟೋಪಿ ಥರ ಇರಬೇಕು. ತೋಟದಲ್ಲಿ ಕೆಲಸ ಮಾಡುವವರ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ) ಹಣೆಯ ಕಡೆ ಜಾರುವ ಹಾಗೆ ಕೆಲವರಲ್ಲಿ ಇದು ಮುಂದಕ್ಕೆ ಜಾರಿರುತ್ತದೆ. ಬಾಯಿ ತೆರೆದಾಗ ಮೂಳೆ ಮುಂದೆ ಬಂದು ಜಾರಿದ ಡಿಸ್ಕಿನ ಅಡಿಗೆ ಮತ್ತೆ ಸೇರಿಕೊಳ್ಳುತ್ತದೆ. ಆ ಸೇರುವ ಶಬ್ದವೇ ನಿಮ್ಮ ‘ಟಕ್’.

ಶಬ್ದ ಮಾತ್ರ ಇದ್ದು ನೋವಿಲ್ಲ, ಬಾಯಿ ಸಲೀಸಾಗಿ ತೆರೆಯುತ್ತದೆ ಅಂದರೆ ಅದಕ್ಕೆ ಚಿಕಿತ್ಸೆಯೇ ಬೇಡ. ಎಷ್ಟೋ ಜನರಿಗೆ ಈ ಶಬ್ದ ವರ್ಷಗಟ್ಟಲೆ ಇರುತ್ತದೆ, ಬೇರೇನೂ ಆಗುವುದಿಲ್ಲ. ನೋವು ಬಂದರೆ ಮಾತು ಬೇರೆ. ಇದ್ದಕ್ಕಿದ್ದಂತೆ ಶಬ್ದ ನಿಂತು ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ ಅದು ವಾಸಿಯಾದ ಲಕ್ಷಣ ಅಲ್ಲ. ಡಿಸ್ಕ್ ವಾಪಸ್ ಬರದೆ ದಾರಿಗೆ ಅಡ್ಡ ನಿಂತಿದೆ ಅಂತ ಅರ್ಥ. ಆಗ ತಡ ಮಾಡದೆ ತೋರಿಸಬೇಕು.

ಕಿವಿಯಲ್ಲಿ ಏನೂ ಇಲ್ಲದೆ ಕಿವಿ ಯಾಕೆ ನೋಯುತ್ತದೆ? ಕೀಲಿಗೂ ಕಿವಿಯ ಮುಂಭಾಗಕ್ಕೂ ಹೋಗುವ ನರ ಒಂದೇ. ನೋವು ಹೊರಟದ್ದು ಎಲ್ಲಿಂದ ಅಂತ ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಕಪಾಲದ ಬದಿ ಸಿಡಿಯುವುದು, ಕುತ್ತಿಗೆ ಹಿಡಿದ ಹಾಗಾಗುವುದು, ಮೇಲಿನ ದವಡೆ ಹಲ್ಲು ನೋಯುವುದು ಕೂಡ ಇದೇ ಗುಂಪಿನವು. ಸರಿಯಿದ್ದ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡು, ನೋವು ಹಾಗೇ ಉಳಿದು, ಆಮೇಲೆ ದವಡೆ ಸ್ನಾಯು ಪರೀಕ್ಷೆ ಮಾಡಿಸಿಕೊಂಡವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮದರಲ್ಲಿ ಕೀಲಿಗಿಂತ ಸ್ನಾಯುವಿನ ಪಾಲು ಜಾಸ್ತಿ ಅಂತ ನನ್ನ ಅನುಮಾನ. ಬೆಳಿಗ್ಗೆ ನೋವು ಹೆಚ್ಚು ಅಂದಿರಿ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಹೀಗಾಗುತ್ತದೆ. ಹಲ್ಲು ಬಿಗಿಯಾಗಿ ಕಚ್ಚಿ, ಎರಡು ಕೆನ್ನೆ ಮೇಲೂ ಕೈಯಿಡಿ. ಉಬ್ಬಿ ಗಟ್ಟಿಯಾಗುವ ಸ್ನಾಯು ಸಿಗುತ್ತದೆ. ಈಗ ದವಡೆ ಸಡಿಲ ಬಿಟ್ಟು ಅದನ್ನು ಬೆರಳಿನಿಂದ ಒತ್ತಿ. ನಿಮ್ಮ ಮಾಮೂಲಿ ನೋವೇ ಅಲ್ಲಿ ಎದ್ದರೆ ಕಾರಣ ಅರ್ಧ ಗೊತ್ತಾದ ಹಾಗೆ.

ಇನ್ನು ಹಲ್ಲು ತೇಯುವ ವಿಷಯ. 1934ರಲ್ಲಿ ಜೇಮ್ಸ್ ಕೋಸ್ಟನ್ ಅನ್ನುವ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರು ಕಿವಿನೋವು, ತಲೆಸುತ್ತು ಇಂಥವನ್ನೆಲ್ಲ ದವಡೆ ಕೀಲಿಗೆ ಜೋಡಿಸಿ ಬರೆದರು. ಹಿಂದಿನ ಹಲ್ಲುಗಳು ಹೋಗಿ ಕಚ್ಚುವಿಕೆ ಕೆಟ್ಟದ್ದೇ ಇದಕ್ಕೆ ಕಾರಣ ಅಂತ ಅವರ ವಾದ. ಆಮೇಲೆ ದಶಕಗಟ್ಟಲೆ ಹಲ್ಲಿನ ವೈದ್ಯರು ಹಲ್ಲುಗಳ ಜೋಡಣೆಯನ್ನೇ ದೂರಿದರು, ತೇಯ್ದರು, ಕ್ಯಾಪ್ ಹಾಕಿದರು. ನಂತರದ ಸಂಶೋಧನೆ ಇದನ್ನು ಎತ್ತಿ ಹಿಡಿಯಲಿಲ್ಲ. ವಕ್ರ ಹಲ್ಲಿನ ಎಷ್ಟೋ ಜನರಿಗೆ ಕೀಲು ನೋವೇ ಇಲ್ಲ, ಅಚ್ಚುಕಟ್ಟಾದ ಹಲ್ಲಿನವರಿಗೆ ಇದೆ. ಎನಾಮಲ್ ಒಮ್ಮೆ ತೇಯ್ದರೆ ಮತ್ತೆ ಬೆಳೆಯುವುದಿಲ್ಲ. ತಾನಾಗಿ ಇಳಿಯಬಹುದಾದ ನೋವಿಗೆ ವಾಪಸ್ ಬರದ ಹಲ್ಲನ್ನು ಕೊಡುವುದು ಸರಿಯಲ್ಲ.

ಮನೆಯಲ್ಲಿ ಇವತ್ತಿನಿಂದಲೇ ಶುರು ಮಾಡಬೇಕಾದದ್ದು ಇದು. ಉಣ್ಣುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದು. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಣ್ಣ ಸಂದು ಇರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಮೆಲ್ಲಗೆ ತಾಗಿರಲಿ. ‘ನ’ ಅನ್ನುವಾಗ ನಾಲಿಗೆ ಎಲ್ಲಿ ನಿಲ್ಲುತ್ತದೋ ಅಲ್ಲೇ. ಕೆಲಸದ ತಲೆಬಿಸಿಯಲ್ಲಿ ಹಲ್ಲು ಕಚ್ಚಿಕೊಂಡೇ ಟೈಪ್ ಮಾಡುತ್ತಿರುತ್ತೀರಿ, ನಿಮಗೇ ಗೊತ್ತಾಗುವುದಿಲ್ಲ. ಮಾನಿಟರ್ ಮೂಲೆಗೆ ಒಂದು ಚೀಟಿ ಅಂಟಿಸಿ. ಅದು ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲ ಬಿಡಿ. ಭುಜ ಮೇಲೆ ಎತ್ತಿಕೊಂಡು, ಕತ್ತು ಮುಂದೆ ಚಾಚಿ ಕೂರುತ್ತಿದ್ದರೆ ಅದನ್ನೂ ಸರಿ ಮಾಡಿ. ಕತ್ತು ಬಿಗಿದರೆ ದವಡೆಯೂ ಬಿಗಿಯುತ್ತದೆ.

ಊಟದ ವಿಷಯದಲ್ಲಿ ನಮ್ಮ ಊರಿನವರು ಪುಣ್ಯವಂತರು. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಮೂಡೆ, ಬಂಗುಡೆ ಗಸಿ, ಎಲ್ಲ ಮೆತ್ತಗಿನವೇ. ಎರಡು ಮೂರು ವಾರ ಚಕ್ಕುಲಿ, ಚಿಕ್ಕಿ, ಹಲಸಿನ ಹಪ್ಪಳ, ಚ್ಯೂಯಿಂಗ್ ಗಮ್ ಬೇಡ. ಕೋರಿರೊಟ್ಟಿ ತಿನ್ನಲೇಬೇಕು ಅಂದರೆ ರೊಟ್ಟಿ ಗಸಿಯಲ್ಲಿ ಪೂರ್ತಿ ನೆನೆದ ಮೇಲೆ ತಿನ್ನಿ. ಪೇರಳೆ, ಸೇಬನ್ನು ಕಚ್ಚಿ ತಿನ್ನದೆ ಸಣ್ಣಗೆ ಕತ್ತರಿಸಿ. ಗಂಜಿ ಮಾತ್ರ ಕುಡಿದು ತಿಂಗಳುಗಟ್ಟಲೆ ದವಡೆಯನ್ನು ಸುಮ್ನೆ ಇಡುವುದೂ ಬೇಡ, ಕೀಲು ಇನ್ನಷ್ಟು ಬಿಗಿಯುತ್ತದೆ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಕೊಟ್ಟು ಬಾಯಿ ಪೂರ್ತಿ ತೆರೆಯದ ಹಾಗೆ ನೋಡಿಕೊಳ್ಳಿ.

ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಚರ್ಮ ತಡೆಯುವಷ್ಟು ಬಿಸಿಯಲ್ಲಿ ಕೆನ್ನೆಗೆ ಹತ್ತು-ಹದಿನೈದು ನಿಮಿಷ ಶಾಖ ಕೊಡಿ. ಆಮೇಲೆ ಸ್ನಾಯುವನ್ನು ಬೆರಳಲ್ಲಿ ಸುತ್ತು ಸುತ್ತಾಗಿ ಮೆಲ್ಲಗೆ ತಿಕ್ಕಿ. ನಾಲಿಗೆ ಅಂಗುಳ ಬಿಡದ ಹಾಗೆ ಬಾಯಿಯನ್ನು ನಿಧಾನ ತೆರೆದು ಮುಚ್ಚಿ. ಒಂದು ಸಲಕ್ಕೆ ಆರು ಬಾರಿ ಮಾಡಿ, ದಿನಕ್ಕೆ ಐದಾರು ಸಲ. ಕನ್ನಡಿ ಮುಂದೆ ಮಾಡಿದರೆ ಗಲ್ಲ ಒಂದು ಬದಿಗೆ ಓಡುತ್ತದಾ ಅಂತ ಗೊತ್ತಾಗುತ್ತದೆ. ನೋವಾಗುವಷ್ಟು ತೆರೆಯಬೇಡಿ. ನೋವಿನ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ. ಗ್ಯಾಸ್ಟ್ರಿಕ್, ಕಿಡ್ನಿ ತೊಂದರೆ ಇರುವವರು ತಾವಾಗಿಯೇ ಮೆಡಿಕಲ್‌ನಿಂದ ತರಲೇಬಾರದು.

ನೈಟ್ ಗಾರ್ಡ್ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಹಲ್ಲು ಸವೆಯುತ್ತಿದ್ದರೆ ಅದು ಹಲ್ಲನ್ನು ಕಾಯುತ್ತದೆ, ಅದಕ್ಕಾಗಿ ಹಾಕಿ. ನೋವಿಗೆ ಅದೇ ಮದ್ದು ಅಂತ ನಂಬಬೇಡಿ. ಬ್ರಿಟಿಷ್ ಮೆಡಿಕಲ್ ಜರ್ನಲ್ 2023ರಲ್ಲಿ ಬಹುಕಾಲದ ದವಡೆ ನೋವಿಗೆ ಮಾರ್ಗಸೂಚಿ ಪ್ರಕಟಿಸಿತು. ದವಡೆ ವ್ಯಾಯಾಮ, ತರಬೇತಾದವರು ಕೈಯಿಂದ ಮಾಡುವ ಚಿಕಿತ್ಸೆ, ನೋವು ಮತ್ತು ಒತ್ತಡವನ್ನು ನಿಭಾಯಿಸಲು ಕಲಿಸುವ ಮನಃಶಾಸ್ತ್ರೀಯ ಚಿಕಿತ್ಸೆ, ಇವುಗಳನ್ನು ಅದು ಬಲವಾಗಿ ಶಿಫಾರಸು ಮಾಡಿದೆ. ನೈಟ್ ಗಾರ್ಡ್‌ನಂಥ, ಬೇಕಾದಾಗ ಹಾಕಿ ತೆಗೆಯಬಹುದಾದ ಸ್ಪ್ಲಿಂಟ್‌ಗಳ ಬಗ್ಗೆ ಅಷ್ಟು ಉತ್ಸಾಹ ತೋರಿಸಿಲ್ಲ. ಹಾಕಿಸಿಕೊಳ್ಳುವುದಾದರೆ ಅಚ್ಚು ತೆಗೆದು, ಎಲ್ಲ ಹಲ್ಲನ್ನೂ ಮುಚ್ಚುವ ಹಾಗೆ ಮಾಡಿದ್ದೇ ಆಗಲಿ. ಕೆಲವೇ ಹಲ್ಲು ಮುಚ್ಚುವಂಥದ್ದನ್ನು ಬಹಳ ದಿನ ಹಾಕಿದರೆ ಹಲ್ಲುಗಳು ಜಾಗ ಬದಲಿಸಬಹುದು.

ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು, ಆದರೆ ಎಲ್ಲರಿಗೂ ಬೇಡ. ಬಾಯಿ ಸಿಕ್ಕಿಕೊಂಡು ವ್ಯಾಯಾಮಕ್ಕೂ ಬಗ್ಗದಿದ್ದರೆ ಕೀಲಿನೊಳಗೆ ಸೂಜಿ ಹಾಕಿ ತೊಳೆಯುವ ಸಣ್ಣ ಚಿಕಿತ್ಸೆ ಇದೆ. ಕೀಲು ಬಿಚ್ಚಿ ಮಾಡುವ ಆಪರೇಷನ್ ಮೂಳೆಯೇ ಹಾಳಾದವರಿಗೆ, ಕೀಲು ಅಂಟಿಕೊಂಡವರಿಗೆ, ಅಂಥವರಿಗೆ ಮಾತ್ರ.

ಇಷ್ಟು ಹೇಳಿದ ಮೇಲೆ ಒಂದು ವಿಷಯವನ್ನು ಒತ್ತಿ ಹೇಳಲೇಬೇಕು, ಯಾಕೆಂದರೆ ನಮ್ಮದು ಅಡಿಕೆಯ ಊರು. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ. ಹೋದರೆ ಬಾಯಿ ಸಾಕಷ್ಟು ತೆರೆಯುತ್ತಿದೆ ಅಂತ ಲೆಕ್ಕ. ಎರಡು ಬೆರಳೂ ಕಷ್ಟ, ಖಾರ ತಿಂದರೆ ಬಾಯಿ ಉರಿಯುತ್ತದೆ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿದೆ, ಜೊತೆಗೆ ಅಡಿಕೆ, ಎಲೆಅಡಿಕೆ ಅಥವಾ ಗುಟ್ಕಾ ಅಭ್ಯಾಸ ಇದೆ ಅಂದರೆ ಅದು ಬಹುಶಃ ಕೀಲಿನ ತೊಂದರೆ ಅಲ್ಲ. ಅಡಿಕೆಯಿಂದ ಬಾಯಿಯ ಒಳಪದರ ನಾರುಗಟ್ಟುವ ರೋಗ ಅದು, ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ. ‘ದವಡೆ ಹಿಡಿದಿದೆ’ ಅಂತ ಎಣ್ಣೆ ತಿಕ್ಕುತ್ತಾ ಕೂರದೆ ಅದೇ ವಾರ ತೋರಿಸಿ, ಅಡಿಕೆ ಅವತ್ತೇ ಬಿಡಿ.

ಇನ್ನೂ ಕೆಲವು ಕಾಯುವಂಥವಲ್ಲ. ಮೆಟ್ಟಿಲು ಹತ್ತುವಾಗ, ಜೋರಾಗಿ ನಡೆಯುವಾಗ ದವಡೆ ನೋಯುತ್ತದೆ, ಎದೆ ಬಿಗಿತ, ಬೆವರು, ಉಬ್ಬಸ ಇದೆ ಅಂದರೆ ಹೃದಯದ್ದಿರಬಹುದು, ನೇರ ಆಸ್ಪತ್ರೆಗೆ. ವಯಸ್ಸು 50 ದಾಟಿದವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಒಟ್ಟಿಗೆ ಬಂದರೆ ರಕ್ತನಾಳದ ಉರಿಯೂತ ಇರಬಹುದು. ತಡವಾದರೆ ದೃಷ್ಟಿಯೇ ಹೋಗಬಹುದು. ಜ್ವರ, ಊತ ಇದ್ದರೆ ಬುದ್ಧಿಹಲ್ಲಿನ ಸೋಂಕು ನೋಡಿಸಿ. ಆಕಳಿಸಿದಾಗ ಬಾಯಿ ತೆರೆದೇ ಉಳಿದು ಮುಚ್ಚಲಾಗದಿದ್ದರೆ ಮನೆಯವರು ಎಳೆದಾಡಬೇಡಿ. ಡಾಕ್ಟರ್ ಕೆಳದವಡೆಯನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ.

ನೀವು ಈಗ ಮೂರು-ನಾಲ್ಕು ವಾರ ಇದನ್ನೆಲ್ಲ ನಿಷ್ಠೆಯಿಂದ ಮಾಡಿ ನೋಡಿ. ಕಡಿಮೆಯಾಗದಿದ್ದರೆ ಮಣಿಪಾಲದ್ದೋ ಮಂಗಳೂರು, ದೇರಳಕಟ್ಟೆಯದ್ದೋ ಡೆಂಟಲ್ ಕಾಲೇಜಿಗೆ ಹೋಗಿ. ಬಾಯಿರೋಗ ವಿಭಾಗ ಮತ್ತು ದವಡೆ ಸರ್ಜನ್ ಒಂದೇ ಕಡೆ ಸಿಗುತ್ತಾರೆ. ದವಡೆ ವ್ಯಾಯಾಮ ಗೊತ್ತಿರುವ ಫಿಸಿಯೋಥೆರಪಿಸ್ಟ್ ಯಾರು ಅಂತಲೂ ಅಲ್ಲೇ ಕೇಳಿ. ನೋವು ಯಾವ ಹೊತ್ತಿಗೆ, ಏನು ತಿಂದಾಗ, ಯಾವ ಕೆಲಸದ ಮಧ್ಯೆ ಜಾಸ್ತಿ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಪರೀಕ್ಷೆ ಮಾಡುವವರಿಗೆ ತುಂಬಾ ಅನುಕೂಲ.