ಕೇಳುವ ಸೀಮೆ ಮಾತಾಡಲು ಕಲಿತದ್ದು: ಕಲಬುರಗಿಯ ಹವ್ಯಾಸಿ ರೇಡಿಯೊ ಬಳಗದ ಹಿನ್ನೆಲೆ

ಬೇಸಿಗೆಯಲ್ಲಿ ಕಲಬುರಗಿಯ ಮಾಳಿಗೆಯ ಮೇಲೆ ಏನೇ ಕೆಲಸವಿದ್ದರೂ ಬೆಳಗಿನ ಒಂಬತ್ತರೊಳಗೆ ಮುಗಿಸಿಕೊಳ್ಳಬೇಕು. ಆಮೇಲೆ ಕಬ್ಬಿಣದ ಪೈಪನ್ನು ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ. ಆದ್ದರಿಂದ ಹ್ಯಾಮ್‌ಗಳೆಂದು ಕರೆಸಿಕೊಳ್ಳುವ, ಪರವಾನಗಿ ಪಡೆದು ಸ್ವಂತ ರೇಡಿಯೊದಿಂದ ಬೇರೆ ಊರುಗಳ ಹವ್ಯಾಸಿಗಳೊಡನೆ ಮಾತಾಡುವ ನಾವು ಆರೆಂಟು ಮಂದಿ ಹವ್ಯಾಸಿ ರೇಡಿಯೊದವರು ಭಾನುವಾರ ನಸುಕಿನಲ್ಲೇ ಯಾರಾದರೊಬ್ಬರ ಮಾಳಿಗೆ ಏರುತ್ತೇವೆ. ನೀರಿನ ಟ್ಯಾಂಕಿನಿಂದ ಎದುರಿನ ಬೇವಿನ ಮರಕ್ಕೆ ಸುಮಾರು ಇಪ್ಪತ್ತು ಮೀಟರ್ ತಾಮ್ರದ ತಂತಿ ಎಳೆದು, ಅದನ್ನು ನಟ್ಟನಡುವೆ ತುಂಡರಿಸಿ, ಆ ಎರಡು ತುದಿಗಳಿಗೆ ಕೇಬಲ್ ಬೆಸೆದು ಕೆಳಗಿನ ಕೋಣೆಗೆ ಇಳಿಸುತ್ತೇವೆ. ನಲವತ್ತು ಮೀಟರ್ ತರಂಗಕ್ಕೆ, ಅಂದರೆ 7 ಮೆಗಾಹರ್ಟ್ಸ್‌ಗೆ, ಅರ್ಧ ಅಳತೆಯ ಆಂಟೆನಾ ಇದು. ಆಂಟೆನಾ ರೇಡಿಯೊಗೆ ಎಷ್ಟು ಹೊಂದಿದೆಯೆಂದು ತೋರಿಸುವ ಮಾಪಕದ ಮುಳ್ಳು ಒಂದೂವರೆಗಿಂತ ಕೆಳಗೆ ಬರುವತನಕ ಒಬ್ಬರು ಕೆಳಗಿನಿಂದ ಕೂಗುವುದು, ಇನ್ನೊಬ್ಬರು ಮೇಲೆ ಎರಡೂ ಬದಿಗೆ ನಾಲ್ಕು ಬೆರಳು, ಎರಡು ಬೆರಳು ತಂತಿ ಕತ್ತರಿಸುವುದು ನಡೆದೇ ಇರುತ್ತದೆ. ಕೊನೆಗೊಮ್ಮೆ ಬೀದರದ ಗೆಳೆಯರ ದನಿ ಗರಗರದ ನಡುವೆ ಏಳುತ್ತದೆ: “ಛಲೋ ಕೇಳಲತ್ತದ್ರಿ, ಫೈವ್ ನೈನ್.” ದನಿ ಸ್ಪಷ್ಟ, ಸಿಗ್ನಲ್ ಬಲವಾಗಿದೆ ಎಂಬುದಕ್ಕೆ ನಮ್ಮವರ ಅಂಕಿ ಅದು. ಆ ಹೊತ್ತಿಗೆ ಸುಸಲಾ ಆರಿ ತಣ್ಣಗಾಗಿರುತ್ತದೆ.

ಇಷ್ಟಕ್ಕೆ ಬೇಕಾದ ತಂತಿ, ಬ್ಯಾಟರಿ, ರೇಡಿಯೊ ಪೆಟ್ಟಿಗೆಗಳು ಇಂದು ಕೈಗೆಟುಕದ ವಸ್ತುಗಳೇನಲ್ಲ. ಆದರೂ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಈ ಹವ್ಯಾಸ ಬೆಂಗಳೂರು, ಮೈಸೂರು, ಮಂಗಳೂರಿನ ಹಾಗೆ ಏಕೆ ಬೇರೂರಲಿಲ್ಲ ಎಂದು ಹೊಸಬರು ಕೇಳುತ್ತಾರೆ. ಬೆಂಗಳೂರಿನ ಹವ್ಯಾಸಿಗಳು 1959ರಷ್ಟು ಹಿಂದೆಯೇ ಸಂಘ ಕಟ್ಟಿಕೊಂಡಿದ್ದರು. ನಮ್ಮಲ್ಲಿ ಆಸಕ್ತಿಯ ಕೊರತೆಯಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ರೇಡಿಯೊದ ಕಥೆಯನ್ನು ಮೊದಲಿನಿಂದ ನೋಡಿದರೆ ಅದು ಬಹುಮಟ್ಟಿಗೆ ಅನುಮತಿಯ ಕಥೆ. ಕೇಳಲು ಸಿಕ್ಕ ಅನುಮತಿ ಮಾತಾಡಲು ಸಿಗುವುದು ಬಹಳ ತಡವಾಯಿತು.

ಭಾರತದಲ್ಲಿ ಹವ್ಯಾಸಿ ರೇಡಿಯೊ 1921ರಲ್ಲಿ ಕಲ್ಕತ್ತದಲ್ಲಿ ಶುರುವಾಯಿತು. ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಮೊದಲ ಸಾಲಿನವರು. ಆಗ ಕಲಬುರಗಿ ಬ್ರಿಟಿಷ್ ಭಾರತದಲ್ಲಿರಲಿಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆ ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ಅಂಚೆ ಇದ್ದವು. ಅತ್ತ ಬ್ರಿಟಿಷ್ ಸರ್ಕಾರ 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯನ್ನು ತಂದು, ಪರವಾನಗಿ ಇಲ್ಲದೆ ನಿಸ್ತಂತು ಉಪಕರಣವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧವೆಂದು ಸಾರಿತು. ಇತ್ತ ಹೈದರಾಬಾದಿನಲ್ಲಿ ಖಾಸಗಿಯಾಗಿ ಆರಂಭವಾಗಿದ್ದ ಬಾನುಲಿ ಕೇಂದ್ರವನ್ನು 1935ರಲ್ಲಿ ನಿಜಾಮ ಸರ್ಕಾರ ವಹಿಸಿಕೊಂಡಿತು. ಅದೇ ಡೆಕ್ಕನ್ ರೇಡಿಯೊ. ಪಟ್ಟಣದ ಉಳ್ಳವರ ಮನೆಗಳಲ್ಲಿ ರೇಡಿಯೊ ಎಂದರೆ ಹೈದರಾಬಾದಿನಿಂದ ಬರುವ ದನಿ ಎಂಬ ರೂಢಿ ಅಂದೇ ಬಿತ್ತು.

1939ರಲ್ಲಿ ಮಹಾಯುದ್ಧ ಶುರುವಾದಾಗ ದೇಶದ ಹವ್ಯಾಸಿಗಳ ಪರವಾನಗಿಗಳೆಲ್ಲ ರದ್ದಾದವು. 1942ರಲ್ಲಿ ಉಷಾ ಮೆಹ್ತಾ ಮತ್ತು ಸಂಗಾತಿಗಳು ಮುಂಬಯಿಯಲ್ಲಿ ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೊ ಆಳುವವರ ಅನುಮಾನವನ್ನು ಇನ್ನಷ್ಟು ಬಲಪಡಿಸಿರಬೇಕು. ಸ್ವಾತಂತ್ರ್ಯ ಬಂದ ಮೇಲೂ ಆ ಅನುಮಾನ ಕಚೇರಿಗಳಿಂದ ಪೂರ್ತಿ ಹೋಗಲಿಲ್ಲವೆಂಬುದು ನನ್ನ ಅನಿಸಿಕೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1950ರಲ್ಲಿ ಡೆಕ್ಕನ್ ರೇಡಿಯೊ ಆಕಾಶವಾಣಿಯಾಯಿತು, 1956ರಲ್ಲಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಆಡಳಿತದ ಮುಖ ಬೆಂಗಳೂರಿನ ಕಡೆ ತಿರುಗಿತಾದರೂ ಬಿಡಿಭಾಗ ಕೊಳ್ಳಲು, ಕೆಟ್ಟ ಸೆಟ್ಟು ರಿಪೇರಿ ಮಾಡಿಸಲು ಜನ ಹೈದರಾಬಾದಿನ ರೈಲನ್ನೇ ಹತ್ತುತ್ತಿದ್ದರು.

ಕೇಳುವುದಕ್ಕೂ ಲೈಸೆನ್ಸು ಬೇಕಿತ್ತೆಂದರೆ ಇಂದಿನ ಹುಡುಗರು ನಗುತ್ತಾರೆ. 1980ರ ದಶಕದ ನಡುವಿನವರೆಗೂ ಮನೆಯಲ್ಲೊಂದು ರೇಡಿಯೊ ಇದ್ದರೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕಿತ್ತು. ನಮ್ಮ ಮನೆಯ ಟ್ರಂಕಿನಲ್ಲಿ ಆ ಪುಟ್ಟ ಪುಸ್ತಕ ಇನ್ನೂ ಇದೆ: ಅಂಗೈಯಗಲದ ರಟ್ಟು, ಒಳಗೆ ಸೆಟ್ಟಿನ ಹೆಸರು, ನಂಬರು, ಪ್ರತಿ ಪುಟದಲ್ಲೂ ಬಣ್ಣ ಮಾಸಿದ ಲೈಸೆನ್ಸ್ ಸ್ಟಾಂಪು, ಅದರ ಮೇಲೆ ಅಂಚೆಯ ಕಪ್ಪು ಮೊಹರು. 1966ರಲ್ಲಿ ಕಲಬುರಗಿ ಆಕಾಶವಾಣಿ ಆರಂಭವಾದ ಮೇಲೆ ಇಂಥ ಪುಸ್ತಕಗಳು ಹಳ್ಳಿಗಳಿಗೂ ಹೋದವು.

ಅದಾದ ಮೇಲೆ ಬಂದದ್ದು ಉಪಗ್ರಹ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಮುಟ್ಟಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಇಂದಿನ ಯಾದಗಿರಿ ಜಿಲ್ಲೆಯೂ ಆಗ ಗುಲಬರ್ಗಾದ ಒಳಗೇ ಇತ್ತು. ಬೆಂಗಳೂರಿನ ಜನ ಟಿವಿ ಕಾಣುವ ಮೊದಲೇ ನಮ್ಮ ಸೀಮೆಯ ರೈತರು ಶಾಲೆಯ ಅಂಗಳದಲ್ಲಿ ಕೋಳಿ ಜಾಲರಿಯ ದೊಡ್ಡ ಬೋಗುಣಿಯಂಥ ಆಂಟೆನಾದ ಬುಡದಲ್ಲಿ ಕೂತು ಆಕಾಶದಿಂದ ಇಳಿದ ಚಿತ್ರ ನೋಡಿದರು. ಹೀಗೆ ಬಾನಿನಿಂದ ಬಂದದ್ದನ್ನು ಕೇಳುವುದರಲ್ಲಿ, ನೋಡುವುದರಲ್ಲಿ ಈ ಸೀಮೆ ಯಾರಿಗೂ ಹಿಂದೆ ಬೀಳಲಿಲ್ಲ. ತಿರುಗಿ ಮಾತಾಡುವ ದಾರಿ ಮಾತ್ರ ಇರಲಿಲ್ಲ.

ಆ ದಾರಿ ಕಾಗದದ ಮೇಲೆ ಇತ್ತೆನ್ನಿ. 1978ರ ಹವ್ಯಾಸಿ ಸೇವಾ ನಿಯಮಗಳ ಪ್ರಕಾರ ಕೇಂದ್ರ ಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ನಡೆಸುವ ಪರೀಕ್ಷೆಯಲ್ಲಿ ಪಾಸಾಗಿ, ಪೊಲೀಸ್ ಪರಿಶೀಲನೆ ಮುಗಿಸಿ, ದೆಹಲಿಯಿಂದ ಪರವಾನಗಿಯನ್ನೂ ಕರೆ ಸಂಕೇತವನ್ನೂ, ಅಂದರೆ ರೇಡಿಯೊದಲ್ಲಿ ಹವ್ಯಾಸಿಯ ಗುರುತಾದ ಕಾಲ್‌ಸೈನನ್ನೂ, ಪಡೆಯಬೇಕು. ಪರೀಕ್ಷೆಗೆ ಹೋಗಬೇಕಾದದ್ದು ದೊಡ್ಡ ನಗರಗಳಿಗೆ. ಹೈದರಾಬಾದಾದರೆ ಇನ್ನೂರು ಚಿಲ್ಲರೆ ಕಿಲೋಮೀಟರ್, ಬೆಂಗಳೂರಾದರೆ ಇಡೀ ರಾತ್ರಿಯ ಪಯಣ. ಪಾಸಾದರೂ ಪರವಾನಗಿ ಕೈಗೆ ಬರಲು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ದಾಟಿ ಕಾಯಬೇಕಿತ್ತು. ಕಾಲೇಜಿನ ಮೊದಲ ವರ್ಷದಲ್ಲಿ ಅರ್ಜಿ ಹಾಕಿದವನು ಕಾಲ್‌ಸೈನ್ ಬರುವಷ್ಟರಲ್ಲಿ ನೌಕರಿಗೆಂದು ಪುಣೆಗೋ ಬೆಂಗಳೂರಿಗೋ ಹೋಗಿಬಿಟ್ಟಿರುತ್ತಿದ್ದ. ಊರು ಬಿಡುವ ವಯಸ್ಸೂ ಪರವಾನಗಿ ಬರುವ ಹೊತ್ತೂ ಒಂದೇ ಆಗಿದ್ದರಿಂದ ಇಲ್ಲಿ ಬಳಗ ಕಟ್ಟಲು ಬೇಕಾದ ಜನ ನಿಲ್ಲಲಿಲ್ಲ.

ಅಕ್ಷರಗಳನ್ನು ಗಿಡ್ಡ, ಉದ್ದ ದನಿಗಳಲ್ಲಿ ಕಳಿಸುವ ಮೋರ್ಸ್ ಸಂಕೇತದ ಪರೀಕ್ಷೆ ಇನ್ನೊಂದು ತಡೆಗೋಡೆ. 2003ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೇ ಮೋರ್ಸ್ ಕಡ್ಡಾಯವನ್ನು ಕೈಬಿಟ್ಟರೂ ನಮ್ಮಲ್ಲಿ ಸಾಮಾನ್ಯ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗ ಬೇಕು. ವಿಯು3ರಿಂದ ಆರಂಭವಾಗುವ ಸಂಕೇತ ಸಿಗುವ ನಿರ್ಬಂಧಿತ ದರ್ಜೆಗೆ ಮಾತ್ರ ಅದು ಬೇಡ. ಮೋರ್ಸ್ ಕಲಿಸುವುದು ನಮ್ಮ ಬಳಗದ ಬಹುದೊಡ್ಡ ಕೆಲಸ, ಅದನ್ನು ವಹಿಸಿಕೊಂಡವರು ನಿವೃತ್ತ ಕನ್ನಡ ಮಾಸ್ತರರು. ಗಿಡ್ಡ ದನಿಯಾದ ಡಿಟ್ ಎಂದರೆ ಲಘು, ಉದ್ದ ದನಿಯಾದ ಡಾ ಎಂದರೆ ಗುರು ಎಂದು ಮೊದಲ ದಿನವೇ ಹೇಳಿ ಅವರು ‘ಯಮಾತಾರಾಜಭಾನಸಲಗಂ’ ಸೂತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ‘ಕೆ’ ಅಕ್ಷರ ಗುರು-ಲಘು-ಗುರು, ಅಂದರೆ ರಗಣ, ‘ಯು’ ಸಗಣ, ‘ಡಿ’ ಭಗಣ. ‘ಎಸ್’ ಮೂರು ಲಘುವಿನ ನಗಣ, ‘ಒ’ ಮೂರು ಗುರುವಿನ ಮಗಣ. ಹಾಗಾಗಿ ಆಪತ್ತಿನ ಕರೆಯಾದ ಎಸ್ಒಎಸ್ ಅನ್ನು ಗಣದಲ್ಲಿ ಓದಿದರೆ ‘ನಮನ’ ಎಂದಾಗುತ್ತದೆ. ಒಮ್ಮೆ ಇದನ್ನು ಕೇಳಿದ ಹುಡುಗ ಅದನ್ನು ಮರೆತದ್ದನ್ನು ನಾನು ಕಂಡಿಲ್ಲ. ಒಂದೇ ತೊಡಕೆಂದರೆ ಛಂದಸ್ಸಿನ ಗುರುವಿಗೆ ಎರಡು ಮಾತ್ರೆ, ಮೋರ್ಸ್‌ನ ಗುರುವಿಗೆ ಮೂರು. ಷಟ್ಪದಿ ಓದಿ ಪಳಗಿದ ಕಿವಿ ಗುರುವನ್ನು ಬೇಗ ಮುಗಿಸಿಬಿಡುತ್ತದೆ, ಅದನ್ನು ತಿದ್ದಲು ವಾರಗಳು ಹಿಡಿಯುತ್ತವೆ.

ಹೈದರಾಬಾದಿನಲ್ಲಿ 1983ರಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆ ಆರಂಭವಾದದ್ದು, ಮರುವರ್ಷ ಆಮದು ಸುಂಕದಲ್ಲಿ ವಿನಾಯಿತಿ ಸಿಕ್ಕಿದ್ದು, ರಾಜೀವ್ ಗಾಂಧಿಯವರೇ ಪರವಾನಗಿ ಪಡೆದ ಹ್ಯಾಮ್ ಆಗಿದ್ದದ್ದು, ಇವೆಲ್ಲ ಸೇರಿ ದೇಶದಲ್ಲಿ ಹವ್ಯಾಸಕ್ಕೆ ಬಲ ಬಂತು. ನಮ್ಮ ಕಡೆಯ ಜನರಿಗೆ ‘ಹ್ಯಾಮ್’ ಎಂಬ ಮಾತು ಕಿವಿಗೆ ಬಿದ್ದದ್ದು ಮಾತ್ರ 1993ರಲ್ಲಿ. ಆ ಸೆಪ್ಟೆಂಬರ್ 30ರ ನಸುಕಿನ ನಾಲ್ಕರ ಸುಮಾರಿಗೆ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಬಸವಕಲ್ಯಾಣದಿಂದ ಗೆರೆ ಎಳೆದು ಅಳೆದರೆ ಅದು ನಲವತ್ತು ಕಿಲೋಮೀಟರಿನ ಆಸುಪಾಸು. ಆಳಂದ, ಬೀದರ್, ಕಲಬುರಗಿಯ ಜನ ಹೊರಗೆ ಓಡಿ ಬಂದು ಬೀದಿಯಲ್ಲೇ ಬೆಳಕು ಹರಿಸಿದರು. ಅಲ್ಲಿ ಕಲ್ಲು-ಮಣ್ಣಿನ ಗೋಡೆಗಳ ಅಡಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ದಿನಗಳಲ್ಲಿ ಹವ್ಯಾಸಿಗಳು ಅಲ್ಲಿಗೆ ರೇಡಿಯೊ ಒಯ್ದು ಪರಿಹಾರ ಕಾರ್ಯಕ್ಕೆ ಸಂಪರ್ಕ ಒದಗಿಸಿದರು. ಮುಂದೆ 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿಯಲ್ಲಿ ಅಂಡಮಾನಿನಿಂದ ಭಾರತಿ ಪ್ರಸಾದರ ತಂಡ ಮಾಡಿದ ಕೆಲಸ, ಇವು ದೇಶಕ್ಕೆಲ್ಲ ಗೊತ್ತಾದವು.

ಆದರೆ ಆಪತ್ತಿನ ಕಥೆಗಳಿಂದಲೇ ಬಳಗ ಬೆಳೆಯುತ್ತದೆಂಬ ನಂಬಿಕೆ ನನಗಿಲ್ಲ. ವರ್ಷದ ಮುನ್ನೂರ ಅರವತ್ತು ದಿನ ಯಾವ ಆಪತ್ತೂ ಇರುವುದಿಲ್ಲ. ಆ ದಿನಗಳಲ್ಲಿ ಏನು ಮಾಡುತ್ತೀರಿ ಎಂಬುದೇ ಪ್ರಶ್ನೆ. ನಮ್ಮಲ್ಲಿ ಅದಕ್ಕೆ ಉತ್ತರ ಕೊಟ್ಟದ್ದು ಬೆಸುಗೆ ಕಡ್ಡಿ. ಹೈದರಾಬಾದಿನ ಆಶ್ಹರ್ ಫರ್ಹಾನ್ ಅವರು ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಬಹುದಾದ ‘ಬಿಟ್‌ಎಕ್ಸ್’ ಎಂಬ ಟ್ರಾನ್ಸೀವರ್ (ಕೇಳುವುದನ್ನೂ ಮಾತಾಡುವುದನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾಡುವ ರೇಡಿಯೊ) ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದು ಜಗತ್ತಿನ ಹವ್ಯಾಸಿಗಳ ಮೇಜಿಗೆಲ್ಲ ಹೋಯಿತು. ಅದಕ್ಕೂ ಹಿಂದಿನವರು ಯುದ್ಧಕಾಲದ ಹಳೆಯ ಸೆಟ್ಟು, 807 ಎಂಬ ವಾಲ್ವು ಹುಡುಕಿಕೊಂಡು ಗುಜರಿ ಅಂಗಡಿ ಅಲೆಯಬೇಕಿತ್ತು. ಬಳಗದ ಇಬ್ಬರು ಕಟ್ಟಿದ ಪೆಟ್ಟಿಗೆಗಳಲ್ಲಿ ಒಂದು ಇಂದಿಗೂ ಕೆಲಸ ಮಾಡುತ್ತಿದೆ. ಇನ್ನೊಂದು ಮೇ ತಿಂಗಳ ಸೆಕೆಗೆ ಆವರ್ತನ ಜಾರಿಸುತ್ತಿತ್ತು. ಮಾತಾಡುತ್ತಿದ್ದಂತೆ ಅದನ್ನು ಕಟ್ಟಿದವರ ದನಿ ಮೆಲ್ಲಗೆ ಬಾತುಕೋಳಿಯ ದನಿಯಾಗುತ್ತಿತ್ತು. ತವರದ ಡಬ್ಬಿಯಲ್ಲಿ ಮುಚ್ಚಿಟ್ಟ ಮೇಲೆ ತುಸು ಸುಧಾರಿಸಿತು.

ಮಾತಾಡುವುದಾದರೂ ಏನನ್ನು? ನಿಯಮದ ಪ್ರಕಾರ ವ್ಯಾಪಾರದ ಮಾತು, ರಾಜಕೀಯ, ಧರ್ಮದ ಚರ್ಚೆ, ಹಾಡು, ಗುಪ್ತ ಸಂಕೇತ, ಯಾವುದಕ್ಕೂ ಅವಕಾಶವಿಲ್ಲ. ಬೇರೆಯವರ ಸಂದೇಶವನ್ನು ಮುಟ್ಟಿಸುವುದಕ್ಕೂ ಆಪತ್ತಿನ ಹೊತ್ತಿನಲ್ಲಿ ಮಾತ್ರ ಅನುಮತಿ. ಉಳಿಯುವುದು ಹವೆ, ಆಂಟೆನಾ, ಸಿಗ್ನಲ್, ಯೋಗಕ್ಷೇಮ. ಹೊರಗಿನವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ಜಗಳಕ್ಕೆ ಎಡೆಯೇ ಇಲ್ಲದ ಹರಟೆ ಇಂದು ಬೇರೆಲ್ಲಿ ಸಿಗುತ್ತದೆ? ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಆಳಂದದ ಕಡೆ ಮೋಡ ಕಪ್ಪಾದರೆ ಮೊದಲು ಗೊತ್ತಾಗುವುದು ನಮಗೇ. ಸಿಡಿಲಿನ ಚಟಪಟ ರೇಡಿಯೊದಲ್ಲಿ ಮೊದಲು ಕೇಳಿಸುತ್ತದೆ. ಆಗ ಮಾತು ಅಲ್ಲಿಗೇ ನಿಲ್ಲಿಸಿ ಕೇಬಲ್ ಕಿತ್ತಿಡುವುದು ಬಳಗದ ಕಟ್ಟುನಿಟ್ಟಿನ ಪದ್ಧತಿ.

ಈಗ ಅರ್ಜಿ ಆನ್‌ಲೈನಿನಲ್ಲೇ ಹೋಗುತ್ತದೆ, ದಾರಿ ಹಗುರವಾಗಿದೆ. ಆದರೂ ನನ್ನ ಅರ್ಜಿ ಒಂದು ಕಚೇರಿಯಿಂದ ಎರಡು ಸಲ ಹಿಂದಿರುಗಿತು. ಜನ್ಮದಾಖಲೆಯಲ್ಲಿ ಗುಲಬರ್ಗಾ, ಗುರುತಿನ ಚೀಟಿಯಲ್ಲಿ ಕಲಬುರಗಿ ಎಂದಿದ್ದದ್ದೇ ಕಾರಣ. ಊರಿನ ಹೆಸರು 2014ರಲ್ಲಿ ಬದಲಾದದ್ದನ್ನು ತಿಳಿಸಲು ಸರ್ಕಾರಿ ಅಧಿಸೂಚನೆಯ ಪ್ರತಿ ಲಗತ್ತಿಸಬೇಕಾಯಿತು. ಬಳಗದಲ್ಲಿ ಈಗ ಆ ಪ್ರತಿಯ ಜೆರಾಕ್ಸ್ ಕಟ್ಟೇ ಇದೆ, ಹೊಸ ಅರ್ಜಿದಾರರಿಗೆಲ್ಲ ಒಂದೊಂದು.

ಸದ್ಯ ಎದುರಿಗಿರುವ ಪ್ರಶ್ನೆ ನಮ್ಮ ದನಿ ಎಷ್ಟು ದೂರ ಮುಟ್ಟುತ್ತದೆ ಎಂಬುದು. ಕೈಯಲ್ಲಿ ಹಿಡಿಯುವ ಸೆಟ್ಟುಗಳು ಬಳಸುವ 144 ಮೆಗಾಹರ್ಟ್ಸ್ ತರಂಗ ಕಣ್ಣಿನ ನೋಟದ ಹಾಗೆ ಬಹುತೇಕ ನೆಟ್ಟಗೆ ಹೋಗುತ್ತದೆ. ಇಪ್ಪತ್ತು ಮೀಟರ್ ಎತ್ತರದ ಆಂಟೆನಾದಿಂದ ಅದರ ದಿಗಂತ ಹದಿನೆಂಟು ಕಿಲೋಮೀಟರ್, ಎರಡೂ ಕಡೆ ಅಷ್ಟೇ ಎತ್ತರವಿದ್ದರೆ ಮೂವತ್ತಾರು. ಕಲಬುರಗಿಯಿಂದ ಯಾದಗಿರಿ ನೇರ ಗೆರೆಯಲ್ಲಿ ಸುಮಾರು ಎಪ್ಪತ್ತು, ಬೀದರ್ ಸುಮಾರು ನೂರು. ಹಗಲು ಹೊತ್ತು 7 ಮೆಗಾಹರ್ಟ್ಸ್ ತರಂಗ ಮೇಲಕ್ಕೆ ಹಾರಿ, ಅಯಾನುಗೋಳಕ್ಕೆ ತಾಗಿ ಇಳಿದು ಈ ಊರುಗಳನ್ನು ಮುಟ್ಟುತ್ತದೆ ನಿಜ. ಆದರೆ ಕತ್ತಲಾದ ಮೇಲೆ ಬೀದರ್ ಮಾಯವಾಗಿ ದೂರದ ದೇಶಗಳ ದನಿ ತೇಲಿಬರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳನ್ನು ಸುತ್ತುವರಿದಂಥ ರಾತ್ರಿ ಮತ್ತೆ ಬಂದರೆ ನಮಗೆ ಬೇಕಾದದ್ದು ನದಿ ದಂಡೆಯ ಮಾತು, ದೂರದೇಶದ್ದಲ್ಲ.

ಅದಕ್ಕೆ ಎತ್ತರದಲ್ಲೊಂದು ರಿಪೀಟರ್ ಬೇಕು, ಅಂದರೆ ಕೇಳಿದ್ದನ್ನು ಆ ಕ್ಷಣವೇ ಬೇರೆ ಆವರ್ತನದಲ್ಲಿ ಮರಳಿ ಬಿಡುವ ಯಂತ್ರ. ಬೀದರ್ ಕಲಬುರಗಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದ ಜಂಬಿಟ್ಟಿಗೆ ದಿನ್ನೆಯ ಮೇಲಿದೆಯಾದರೂ ಭೀಮಾ ದಂಡೆಗೆ ಅದು ಬಹಳ ದೂರ. ಕಲಬುರಗಿಯಲ್ಲೇ ಒಂದು ಎತ್ತರದ ಕಟ್ಟಡ ನೋಡಿಟ್ಟಿದ್ದೇವೆ. ಯಂತ್ರಕ್ಕೆ ದೆಹಲಿಯ ಪ್ರತ್ಯೇಕ ಪರವಾನಗಿ, ಕಟ್ಟಡಕ್ಕೆ ಮಾಲೀಕರ ಒಪ್ಪಿಗೆ, ಎರಡೂ ಬೇಕು. ಮಾಲೀಕರು ಮೊಬೈಲ್ ಟವರಿನಷ್ಟು ಬಾಡಿಗೆ ಬರುತ್ತದೆಂದು ತಿಳಿದಿದ್ದರು. ನಯಾಪೈಸೆಯೂ ಗಳಿಸುವಂತಿಲ್ಲ ಎಂದು ನಿಯಮದ ಪುಟ ತೋರಿಸಿದೆವು. ವಿಚಾರ ಮಾಡಿ ಹೇಳುತ್ತೇನೆಂದಿದ್ದಾರೆ.